ಶಟಲ್ ಆಟ: ಅಡ್ಡರಸ್ತೆಯಿಂದ ಅಂಕಣಕ್ಕೆ

ಬ್ಯಾಡ್ಮಿಂಟನ್‌ನಲ್ಲಿ ಶಟಲ್ ನೆಲ ಮುಟ್ಟಿತೆಂದರೆ ಆ ಸರದಿ ಮುಗಿಯಿತು. ನಡುವೆ ನೆಟ್ ಕಟ್ಟಿದ ಅಂಕಣದಲ್ಲಿ ಇಬ್ಬರು ಇಲ್ಲವೆ ನಾಲ್ವರು ನಿಂತು ಗರಿಯ ಶಟಲನ್ನು ಗಾಳಿಯಲ್ಲೇ ಆಚೀಚೆ ಹೊಡೆಯುತ್ತಾರೆ. ಯಾರ ಪಾಲಿನ ನೆಲಕ್ಕೆ ಅದು ಬಿತ್ತೋ ಅವರ ಎದುರಾಳಿಗೆ ಒಂದು ಅಂಕ. ಟೆನಿಸ್‌ನಲ್ಲಿರುವಂತೆ ಒಂದು ಪುಟಿತಕ್ಕೆ ಕಾಯುವ ಅವಕಾಶ ಇಲ್ಲಿಲ್ಲ. ಕರ್ನಾಟಕದಲ್ಲಿ ಈ ಆಟಕ್ಕೆ ‘ಶಟಲ್’ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಬರೀ ‘ಬ್ಯಾಡ್ಮಿಂಟನ್’ ಎಂದರೆ ಹಳೆಯ ತಲೆಮಾರಿನ ಅನೇಕರಿಗೆ ನೆನಪಾಗುವುದು ಶಾಲಾ ಮೈದಾನದಲ್ಲಿ ಹಳದಿ ಉಣ್ಣೆಯ ಚೆಂಡಿನಿಂದ ಐದೈದು ಮಂದಿ ಆಡುವ ಬಾಲ್ ಬ್ಯಾಡ್ಮಿಂಟನ್. ಎರಡರ ಅಂಕಣವೂ ಬೇರೆ, ನಿಯಮವೂ ಬೇರೆ.

ಪಶ್ಚಿಮ ಬೆಂಗಳೂರಿನ ವಿಜಯನಗರ, ಆರ್‌ಪಿಸಿ ಲೇಔಟ್, ಹಂಪಿನಗರದಂಥ ಬಡಾವಣೆಗಳಲ್ಲಿ ಈ ಆಟದ ಮೊದಲ ಪಾಠ ಆಗುವುದು ಮನೆಮುಂದಿನ ಅಡ್ಡರಸ್ತೆಯಲ್ಲೇ. ಬೇಸಿಗೆ ರಜೆಯ ಸಂಜೆ ಒಂದು ಮನೆಯ ಗೇಟಿನಿಂದ ಎದುರುಮನೆಯ ಗೇಟಿಗೆ ಹಗ್ಗ ಕಟ್ಟಿದರೆ ಅದೇ ನೆಟ್. ಸ್ಕೂಟರ್ ಬಂದಾಗ ಹಗ್ಗ ಮೇಲೇರುತ್ತದೆ, ಹೋದ ಮೇಲೆ ಕೆಳಗಿಳಿಯುತ್ತದೆ. ಆಷಾಢದ ಗಾಳಿ ಶುರುವಾಯಿತೆಂದರೆ ಶಟಲ್ ಎದುರಿನ ತಾರಸಿಯ ಮೇಲೋ ತೆಂಗಿನ ಗರಿಯ ನಡುವೆಯೋ ಸಿಕ್ಕಿಕೊಂಡು ಆಟ ನಿಲ್ಲುತ್ತದೆ. ಈ ಬೀದಿಯಾಟದಿಂದ ಕಣ್ಣು ಮತ್ತು ಕೈ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಅದು ದೊಡ್ಡ ಲಾಭ. ಆದರೆ ಜೊತೆಯಲ್ಲೇ ಮೂರು ಅಭ್ಯಾಸಗಳು ಅಂಟಿಕೊಳ್ಳುತ್ತವೆ: ನಿಂತಲ್ಲೇ ನಿಂತು ಆಡುವುದು, ಎದುರಿನವರ ಕೈಗೇ ಹೊಡೆಯುವುದು, ಸರ್ವಿಸನ್ನು ಹೇಗೆ ಬೇಕಾದರೂ ಮಾಡುವುದು. ಅಂಕಣಕ್ಕೆ ಕಾಲಿಟ್ಟ ದಿನ ಬಿಡಬೇಕಾದದ್ದು ಈ ಮೂರನ್ನೇ.

ಅಂಕಣದ ಅಳತೆ

ಡಬಲ್ಸ್ ಅಂಕಣದ ಉದ್ದ 44 ಅಡಿ, ಅಗಲ 20 ಅಡಿ; ಮೆಟ್ರಿಕ್ ಲೆಕ್ಕದಲ್ಲಿ 13.40 ಮೀಟರ್ ಮತ್ತು 6.10 ಮೀಟರ್. ಸಿಂಗಲ್ಸ್‌ಗೆ ಉದ್ದ ಅಷ್ಟೇ, ಅಗಲ ಮಾತ್ರ 17 ಅಡಿ. ಬೆಂಗಳೂರಿನವರಿಗೆ ನಿವೇಶನದ ಲೆಕ್ಕದಲ್ಲಿ ಹೇಳಿದರೆ ಇದು ಬೇಗ ಮನಸ್ಸಿಗೆ ಬರುತ್ತದೆ. ಅಂಕಣದ ವಿಸ್ತೀರ್ಣ 880 ಚದರ ಅಡಿ. 30–40 ಸೈಟಿನ ವಿಸ್ತೀರ್ಣ 1,200 ಚದರ ಅಡಿ. ಆದರೂ ಆ ಸೈಟಿನಲ್ಲಿ ಅಂಕಣ ಹಿಡಿಸುವುದಿಲ್ಲ, ಉದ್ದಕ್ಕೆ ನಾಲ್ಕು ಅಡಿ ಕಡಿಮೆ ಬೀಳುತ್ತದೆ. ಸುತ್ತಲೂ ಓಡಾಡಲು ಜಾಗ ಬಿಟ್ಟು ಒಂದು ಅಂಕಣ ಹಾಕಬೇಕಾದರೆ 40–60 ಸೈಟೇ ಬೇಕು.

ನೆಟ್‌ನ ಎತ್ತರ ಕಂಬದ ಬಳಿ 1.55 ಮೀಟರ್, ನಡುವೆ 1.524 ಮೀಟರ್, ಅಂದರೆ ಸರಿಯಾಗಿ ಐದು ಅಡಿ. ನೆಟ್‌ನಿಂದ ಆರೂವರೆ ಅಡಿ ದೂರದಲ್ಲಿ ಎರಡೂ ಕಡೆ ಒಂದೊಂದು ಅಡ್ಡಗೆರೆ ಇರುತ್ತದೆ. ಸರ್ವಿಸ್ ಈ ಗೆರೆಯನ್ನು ದಾಟಲೇಬೇಕು. ಹಿಂದಿನ ಗೆರೆಗಿಂತ ಎರಡೂವರೆ ಅಡಿ ಒಳಗೆ ಇನ್ನೊಂದು ಗೆರೆ ಕಾಣುತ್ತದೆ. ಹೊಸಬರಿಗೆ ಹೆಚ್ಚು ಗೊಂದಲ ತರುವುದು ಇದು. ಡಬಲ್ಸ್‌ನಲ್ಲಿ ಸರ್ವಿಸ್ ಮಾಡಿದ ಶಟಲ್ ಈ ಗೆರೆಯಾಚೆ ಬಿದ್ದರೆ ಔಟ್. ಸರ್ವಿಸ್ ಮುಗಿದ ಮೇಲೆ ಈ ಗೆರೆ ಇಲ್ಲವೆಂದೇ ತಿಳಿಯಬೇಕು. ಶಟಲ್ ಗೆರೆಯನ್ನು ತುಸು ಮುಟ್ಟಿದರೂ ಒಳಗೇ ಎಂದು ಲೆಕ್ಕ.

ಪುಣೆಯಿಂದ ಮಲ್ಲೇಶ್ವರದವರೆಗೆ

ಈ ಆಟ ಇಂದಿನ ರೂಪಕ್ಕೆ ಬಂದದ್ದು ಭಾರತದ ನೆಲದಲ್ಲಿ. ಹತ್ತೊಂಬತ್ತನೇ ಶತಮಾನದ ಎರಡನೆಯ ಭಾಗದಲ್ಲಿ ಪುಣೆಯ ದಂಡಿನಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಇದನ್ನು ನೆಟ್ ಕಟ್ಟಿ ಆಡುತ್ತಿದ್ದರು. ಆಗ ಇದರ ಹೆಸರೂ ‘ಪೂನಾ’ ಎಂದೇ ಇತ್ತು. ಅವರು ಊರಿಗೆ ಮರಳುವಾಗ ಆಟವೂ ಜೊತೆಗೆ ಹೋಯಿತು. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಬೋಫರ್ಟ್ ಡ್ಯೂಕರ ಬ್ಯಾಡ್ಮಿಂಟನ್ ಹೌಸ್ ಎಂಬ ಬಂಗಲೆಯಿಂದ ಅದಕ್ಕೆ ಈಗಿನ ಹೆಸರು ಬಂತು. 1893ರಲ್ಲಿ ಇಂಗ್ಲೆಂಡಿನ ಸಂಸ್ಥೆ ಹುಟ್ಟಿತು, 1899ರಲ್ಲಿ ಆಲ್ ಇಂಗ್ಲೆಂಡ್ ಟೂರ್ನಿ ಶುರುವಾಯಿತು. ಅಂತರರಾಷ್ಟ್ರೀಯ ಫೆಡರೇಷನ್ ಮತ್ತು ಭಾರತೀಯ ಬ್ಯಾಡ್ಮಿಂಟನ್ ಸಂಸ್ಥೆ ಎರಡೂ 1934ರವು. ಒಲಿಂಪಿಕ್ಸ್‌ನಲ್ಲಿ ಪದಕದ ಆಟವಾದದ್ದು 1992ರ ಬಾರ್ಸಿಲೋನಾದಲ್ಲಿ.

ಕನ್ನಡದ ಓದುಗರಿಗೆ ಇದಕ್ಕಿಂತ ಹತ್ತಿರದ ಚರಿತ್ರೆ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದ್ದು. ಅದು ಮದುವೆಗೂ ಕೊಡುತ್ತಿದ್ದ ಜಾಗ. ಅಲ್ಲಿ ಇದ್ದದ್ದು ಒಂದೇ ಅಂಕಣ. ಶಾಲೆ ಬಿಟ್ಟ ಮಕ್ಕಳು ಇವತ್ತು ಏನಾದರೂ ಸಮಾರಂಭ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಓಡಿಹೋಗಿ ಆಡುತ್ತಿದ್ದರು. ಆ ಮಕ್ಕಳಲ್ಲಿ ಒಬ್ಬರು 1955ರಲ್ಲಿ ಹುಟ್ಟಿದ ಪ್ರಕಾಶ್ ಪಡುಕೋಣೆ. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. 1962ರಲ್ಲಿ ಆಡಿದ ಮೊದಲ ರಾಜ್ಯ ಕಿರಿಯರ ಟೂರ್ನಿಯಲ್ಲಿ ಪ್ರಕಾಶ್ ಮೊದಲ ಸುತ್ತಿನಲ್ಲೇ ಸೋತರು. ಎರಡು ವರ್ಷಗಳ ಬಳಿಕ ಅದನ್ನೇ ಗೆದ್ದರು. 1971ರಿಂದ 1979ರವರೆಗೆ ಒಂಬತ್ತು ವರ್ಷ ಸತತವಾಗಿ ರಾಷ್ಟ್ರೀಯ ಚಾಂಪಿಯನ್ ಆದರು. 1978ರಲ್ಲಿ ಎಡ್ಮಂಟನ್‌ನಲ್ಲಿ ಕಾಮನ್‌ವೆಲ್ತ್ ಚಿನ್ನ ಬಂತು.

1980ರ ಮಾರ್ಚ್‌ನಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಅವರ ಎದುರು ನಿಂತವರು ಇಂಡೊನೇಷ್ಯಾದ ಲಿಯೆಮ್ ಸ್ವಿ ಕಿಂಗ್. ಹಿಂದಿನ ಎರಡು ವರ್ಷದ ಚಾಂಪಿಯನ್, ಮೇಲಕ್ಕೆ ಹಾರಿ ಸ್ಮ್ಯಾಶ್ ಹೊಡೆಯುವುದರಲ್ಲಿ ಹೆಸರಾದವರು. ಪ್ರಕಾಶ್ 15–3, 15–10ರಿಂದ ಗೆದ್ದರು. ಆ ಸ್ಮ್ಯಾಶಿಗೆ ಬೇಕಾದ ಎತ್ತರದ ಶಟಲನ್ನೇ ಅವರು ಸುಲಭವಾಗಿ ಕೊಡಲಿಲ್ಲ. ನೆಟ್‌ ಬಳಿ ಮೆಲ್ಲಗೆ ಇಳಿಸುವುದು, ಮಣಿಕಟ್ಟನ್ನು ಕೊನೆಯ ಕ್ಷಣದಲ್ಲಿ ತಿರುಗಿಸಿ ದಿಕ್ಕು ಬದಲಿಸುವುದು, ಎದುರಾಳಿ ಇಲ್ಲದ ಮೂಲೆಗೆ ಕಳಿಸುವುದು ಅವರ ಆಟ. ಹೊಸದಾಗಿ ಕಲಿಯುವವರು ಮೊದಲ ದಿನವೇ ಸ್ಮ್ಯಾಶ್ ಹೊಡೆಯಲು ಹೊರಡುತ್ತಾರೆ. ಕಲಿಯಬೇಕಾದ ಕ್ರಮ ಅದಲ್ಲ ಎನ್ನುವುದಕ್ಕೆ ಆ ಫೈನಲ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಮುಂದಿನದು ಹೆಚ್ಚಿನವರಿಗೆ ತಿಳಿದದ್ದೇ. 1994ರಲ್ಲಿ ಪ್ರಕಾಶ್, ವಿಮಲ್ ಕುಮಾರ್, ವಿವೇಕ್ ಕುಮಾರ್ ಸೇರಿ ಬೆಂಗಳೂರಿನಲ್ಲಿ ಅಕಾಡೆಮಿ ಕಟ್ಟಿದರು. ಅಲ್ಲಿ ಅಭ್ಯಾಸ ಮಾಡಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಅಲ್ಲಿಯೇ ಬೆಳೆದ ಲಕ್ಷ್ಯ ಸೇನ್ 2022ರಲ್ಲಿ ಥಾಮಸ್ ಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಬೆಂಗಳೂರಿನ ಅಶ್ವಿನಿ ಪೊನ್ನಪ್ಪ ಜ್ವಾಲಾ ಗುಟ್ಟಾ ಜೊತೆಗೂಡಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ, 2011ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು.

ಶಟಲ್, ರ‍್ಯಾಕೆಟ್, ಷೂ

ಗರಿಯ ಶಟಲನ್ನು ಕೈಯಲ್ಲಿ ಹಿಡಿದು ನೋಡಿದರೆ ಆಟದ ಅರ್ಧ ಗುಟ್ಟು ಅಲ್ಲೇ ಇದೆ. ಕಾರ್ಕಿನ ಅರ್ಧಗೋಳಕ್ಕೆ ಹದಿನಾರು ಗರಿಗಳನ್ನು ಚುಚ್ಚಿ, ದಾರದಿಂದ ಎರಡು ಸುತ್ತು ಬಿಗಿದು ಅಂಟು ಹಾಕಿರುತ್ತಾರೆ. ತೂಕ 4.74ರಿಂದ 5.50 ಗ್ರಾಂ. ಒಳ್ಳೆಯದಕ್ಕೆ ಹೆಬ್ಬಾತಿನ ಗರಿ, ಕಡಿಮೆ ಬೆಲೆಯದಕ್ಕೆ ಬಾತುಕೋಳಿಯ ಗರಿ. ಒಂದು ಶಟಲ್‌ನ ಎಲ್ಲ ಗರಿಗಳೂ ಹಕ್ಕಿಯ ಒಂದೇ ಬದಿಯ ರೆಕ್ಕೆಯವಾಗಿರಬೇಕು. ಹಾಗಿದ್ದರೆ ಮಾತ್ರ ಅವು ಒಂದೇ ಕಡೆ ಬಾಗಿ, ಶಟಲ್ ತನ್ನ ಸುತ್ತ ತಾನು ತಿರುಗುತ್ತ ನೇರವಾಗಿ ಹಾರುತ್ತದೆ. ಕಾರ್ಕ್ ಭಾರ, ಗರಿ ಹಗುರ. ಹೀಗಾಗಿ ಹೇಗೆ ಹೊಡೆದರೂ ಅದು ಕ್ಷಣದಲ್ಲಿ ಮಗುಚಿ ಕಾರ್ಕನ್ನೇ ಮುಂದೆ ಮಾಡಿಕೊಂಡು ಸಾಗುತ್ತದೆ. ಹರಡಿದ ಗರಿಗಳು ಗಾಳಿಯನ್ನು ತಡೆಯುವುದರಿಂದ ವೇಗ ಬೇಗನೆ ಇಳಿಯುತ್ತದೆ. 2023ರಲ್ಲಿ ಭಾರತದ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಪರೀಕ್ಷೆಯೊಂದರಲ್ಲಿ ಹೊಡೆದ ಸ್ಮ್ಯಾಶಿನ ವೇಗ ಗಂಟೆಗೆ 565 ಕಿಲೋಮೀಟರ್ ಎಂದು ಗಿನ್ನೆಸ್ ದಾಖಲೆಯಲ್ಲಿದೆ. ಅದು ರ‍್ಯಾಕೆಟ್ ಬಿಟ್ಟ ಕ್ಷಣದ ವೇಗ. ಎದುರಿನವರ ಬಳಿ ಬರುವ ಹೊತ್ತಿಗೆ ಅದರ ಸಣ್ಣ ಪಾಲಷ್ಟೇ ಉಳಿದಿರುತ್ತದೆ. ಅಷ್ಟು ಬಲದ ಹೊಡೆತವನ್ನೂ ಎತ್ತಿ ಹಿಂದಿರುಗಿಸಲು ಸಾಧ್ಯವಾಗುವುದು ಇದರಿಂದಲೇ.

ಊರಿಗೆ ತಕ್ಕ ಶಟಲ್ ಆರಿಸಬೇಕು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳು. ಮಂಗಳೂರಿನಲ್ಲಿ ಸರಿಹೋಗುವ ಶಟಲ್ ಇಲ್ಲಿ ಒಂದಿಷ್ಟು ಮುಂದೆ ಹೋಗಿ ಬೀಳುತ್ತದೆ. ಡಬ್ಬಿಯ ಮೇಲೆ 75, 76, 77 ಎಂದೋ 1, 2, 3 ಎಂದೋ ವೇಗದ ಸಂಖ್ಯೆ ಇರುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಶಟಲ್ ನಿಧಾನ. ಇಲ್ಲಿಗೆ ನಿಧಾನದ್ದೇ ಹೊಂದುತ್ತದೆ. ಸರಿಯಿದೆಯೇ ಎಂದು ನೋಡುವ ವಿಧಾನವನ್ನು ನಿಯಮವೇ ಹೇಳಿದೆ: ಹಿಂಗೆರೆಯ ಮೇಲೆ ನಿಂತು, ಕೆಳಗಿನಿಂದ ಮೇಲಕ್ಕೆ ಪೂರ್ತಿ ಬೀಸಿ, ಬದಿಗೆರೆಗೆ ಸಮಾಂತರವಾಗಿ ಹೊಡೆಯಬೇಕು. ಎದುರಿನ ಹಿಂಗೆರೆಗಿಂತ 53ರಿಂದ 99 ಸೆಂಟಿಮೀಟರ್ ಒಳಗೆ ಬಿದ್ದರೆ ಆ ಶಟಲ್ ಸರಿ.

ಕಲಿಯುವ ಮೊದಲ ತಿಂಗಳುಗಳಿಗೆ ನೈಲಾನ್ ಶಟಲ್ ಸಾಕು, ಗರಿಯದಕ್ಕಿಂತ ಬಹಳ ದಿನ ಬಾಳುತ್ತದೆ. ಅದರ ಪಟ್ಟಿಯ ಬಣ್ಣ ನೋಡಿಕೊಳ್ಳಬೇಕು: ಹಸಿರು ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ರ‍್ಯಾಕೆಟ್ ವಿಷಯದಲ್ಲಿ ದುಬಾರಿಯದರ ಅಗತ್ಯವಿಲ್ಲ. 80ರಿಂದ 84 ಗ್ರಾಂ ತೂಗುವ, ಅಂಗಡಿಯವರು ‘4ಯು’ ಎನ್ನುವ ಗ್ರಾಫೈಟ್ ರ‍್ಯಾಕೆಟ್ ಹೊಸಬರ ಕೈಗೆ ಹಗುರ. ಗಟ್ಟಿಂಗ್, ಅಂದರೆ ತಂತಿ ಬಿಗಿಯುವ ಕೆಲಸ, ಮಾಡಿಸುವಾಗ 20ರಿಂದ 23 ಪೌಂಡ್ ಬಿಗಿ ಸಾಕು. ಆಟಗಾರರು 28 ಪೌಂಡ್ ಹಾಕಿಸುತ್ತಾರೆಂದು ನೋಡಿ ಹಾಗೇ ಮಾಡಿಸಿದರೆ ಶಟಲ್ ಮುಂದೆ ಹೋಗುವುದೂ ಇಲ್ಲ, ಮೊಣಕೈ ನೋವು ಬಿಡುವುದೂ ಇಲ್ಲ. ಹಣ ಉಳಿಸಿ ಖರ್ಚು ಮಾಡಬೇಕಾದದ್ದು ಷೂ ಮೇಲೆ. ಬೆಳಗಿನ ಓಟಕ್ಕೆ ಹಾಕುವ ದಪ್ಪ ಅಟ್ಟೆಯ ಷೂ ಪಕ್ಕಕ್ಕೆ ಜಿಗಿದಾಗ ಮಗುಚಿ ಪಾದದ ಕೀಲು ಉಳುಕಿಸುತ್ತದೆ. ನೆಲದಲ್ಲಿ ಗುರುತು ಮೂಡಿಸದ, ಚಪ್ಪಟೆ ರಬ್ಬರ್ ಅಟ್ಟೆಯ ಬ್ಯಾಡ್ಮಿಂಟನ್ ಷೂ ಬೇಕು. ಅದಿಲ್ಲದೆ ಹೆಚ್ಚಿನ ಹಾಲ್‌ಗಳಲ್ಲಿ ಒಳಗೆ ಬಿಡುವುದಿಲ್ಲ.

ಅಂಕ ಮತ್ತು ಸರ್ವಿಸ್

ಪಂದ್ಯ ಮೂರು ಗೇಮ್‌ಗಳದ್ದು, ಎರಡು ಗೆದ್ದವರು ವಿಜಯಿ. 2006ರಲ್ಲಿ ಬಂದ 21 ಅಂಕಗಳ ಪದ್ಧತಿಯಲ್ಲಿ ಸರ್ವಿಸ್ ಯಾರದೇ ಇರಲಿ, ಸರದಿ ಗೆದ್ದವರಿಗೆ ಅಂಕ. ಅದಕ್ಕೆ ಮೊದಲು ಸರ್ವಿಸ್ ಮಾಡಿದವರಿಗೆ ಮಾತ್ರ ಅಂಕ ಸಿಗುತ್ತಿತ್ತು. ಪ್ರಕಾಶ್ ಕಾಲದ 15–3ರಂಥ ಅಂಕಗಳು ಆ ಪದ್ಧತಿಯವು. 20–20 ಆದರೆ ಎರಡು ಅಂಕ ಮುಂದೆ ಹೋಗಬೇಕು. 29–29 ಆದರೆ 30ನೆಯ ಅಂಕ ಪಡೆದವರಿಗೆ ಗೇಮ್. ಒಬ್ಬರು 11 ತಲುಪಿದಾಗ ಒಂದು ನಿಮಿಷ, ಗೇಮ್‌ಗಳ ನಡುವೆ ಎರಡು ನಿಮಿಷ ಬಿಡುವು. ಮೂರನೆಯ ಗೇಮ್‌ನಲ್ಲಿ 11 ಆದಾಗ ಕಡೆ ಬದಲಿಸಬೇಕು.

ಸರ್ವಿಸ್ ಮಾಡುವಾಗ ಎರಡೂ ಪಾದ ನೆಲದಲ್ಲಿರಬೇಕು, ಗೆರೆ ತುಳಿಯಬಾರದು, ಶಟಲನ್ನು ಕೆಳಗಿನಿಂದ ಹೊಡೆಯಬೇಕು. ಸೊಂಟದ ಕೆಳಗೆ ಎಂಬುದು ಹಳೆಯ ನಿಯಮ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 2018ರಿಂದ ನೆಲದಿಂದ 1.15 ಮೀಟರ್ ಎಂಬ ನಿಶ್ಚಿತ ಎತ್ತರ ಬಂದಿದೆ. ಶಟಲ್ ಓರೆಯಾಗಿ ಎದುರು ಮೂಲೆಯ ಚೌಕಕ್ಕೇ ಹೋಗಬೇಕು. ನೆಟ್‌ಗೆ ತಾಗಿ ಸರಿಯಾದ ಚೌಕಕ್ಕೆ ಬಿದ್ದರೆ ಸರ್ವಿಸ್ ಸರಿ; ಟೆನಿಸ್‌ನಂತೆ ಮತ್ತೆ ಮಾಡುವಂತಿಲ್ಲ. ಸಿಂಗಲ್ಸ್‌ನಲ್ಲಿ ಸರ್ವಿಸ್ ಮಾಡುವವರ ಅಂಕ ಸರಿಸಂಖ್ಯೆಯಾಗಿದ್ದರೆ ಬಲಗಡೆಯಿಂದ, ಬೆಸವಾಗಿದ್ದರೆ ಎಡಗಡೆಯಿಂದ.

ಡಬಲ್ಸ್‌ನಲ್ಲಿ ‘ಈಗ ಯಾರ ಸರ್ವಿಸ್’ ಎಂಬ ಜಗಳ ಆಗದ ಹಾಲ್ ಇಲ್ಲ. ಒಮ್ಮೆ ಹೆಜ್ಜೆ ಹೆಜ್ಜೆಯಾಗಿ ನೋಡಿಕೊಂಡರೆ ಮತ್ತೆ ಮರೆಯುವುದಿಲ್ಲ. ಒಂದು ಕಡೆ ಅಕ್ಕ–ತಂಗಿ, ಇನ್ನೊಂದು ಕಡೆ ಅಣ್ಣ–ತಮ್ಮ ಎನ್ನೋಣ. 0–0ಯಲ್ಲಿ ಅಕ್ಕ ಬಲಗಡೆಯಿಂದ ಸರ್ವಿಸ್ ಮಾಡುತ್ತಾಳೆ; ಎದುರು ಬಲಗಡೆಯಲ್ಲಿರುವ ಅಣ್ಣ ಅದನ್ನು ಎತ್ತುತ್ತಾನೆ. ಅಕ್ಕ–ತಂಗಿ ಗೆದ್ದರೆ 1–0. ಈಗ ಅವರಿಬ್ಬರೇ ಜಾಗ ಬದಲಿಸುತ್ತಾರೆ, ಎದುರಿನವರು ಅಲುಗುವುದಿಲ್ಲ. ಅಕ್ಕ ಎಡಗಡೆಯಿಂದ ತಮ್ಮನಿಗೆ ಸರ್ವಿಸ್ ಮಾಡುತ್ತಾಳೆ. ಈ ಸರದಿಯನ್ನು ಅಣ್ಣ–ತಮ್ಮ ಗೆದ್ದರು ಎನ್ನೋಣ: 1–1. ಸರ್ವಿಸ್ ಅವರಿಗೆ ಹೋಯಿತು, ಆದರೆ ಯಾರೂ ಜಾಗ ಬದಲಿಸುವುದಿಲ್ಲ. ಅವರ ಅಂಕ ಒಂದು, ಬೆಸ; ಆದ್ದರಿಂದ ಎಡಗಡೆಯಲ್ಲಿರುವ ತಮ್ಮ ಸರ್ವಿಸ್ ಮಾಡುತ್ತಾನೆ, ಎದುರು ಎಡಗಡೆಯಲ್ಲಿರುವ ಅಕ್ಕ ಎತ್ತುತ್ತಾಳೆ. ಮತ್ತೆ ಅಕ್ಕ–ತಂಗಿ ಗೆದ್ದರೆ 2–1. ಅಂಕ ಸರಿ, ಬಲಗಡೆಯಲ್ಲಿರುವವಳು ತಂಗಿ, ಸರ್ವಿಸ್ ಅವಳದು. ತಮ್ಮದೇ ಸರ್ವಿಸ್‌ನಲ್ಲಿ ಅಂಕ ಗಳಿಸಿದಾಗ ಮಾತ್ರ ಜಾಗ ಬದಲಾಗುತ್ತದೆ ಎಂಬ ಒಂದು ಮಾತು ನೆನಪಿದ್ದರೆ ಸಾಕು.

ಕಲಿಯುವ ಕ್ರಮ

ಮೊದಲು ಹಿಡಿತ. ರ‍್ಯಾಕೆಟ್‌ನೊಂದಿಗೆ ಕೈಕುಲುಕುವಂತೆ ಸಡಿಲವಾಗಿ ಹಿಡಿಯುವುದು ಫೋರ್‌ಹ್ಯಾಂಡ್. ಹೆಬ್ಬೆರಳನ್ನು ಹಿಡಿಯ ಚಪ್ಪಟೆ ಭಾಗಕ್ಕೆ ಒತ್ತಿ ತಿರುಗಿಸಿಕೊಳ್ಳುವುದು ಬ್ಯಾಕ್‌ಹ್ಯಾಂಡ್. ಶಟಲಿಗೆ ತಾಗುವ ಕ್ಷಣದಲ್ಲಷ್ಟೇ ಬೆರಳು ಬಿಗಿಯಬೇಕು. ಉಳಿದ ಹೊತ್ತು ಹಿಡಿತ ಸಡಿಲವಾಗಿಯೇ ಇರಲಿ. ಬಾಣಲೆಯ ಹಿಡಿಯನ್ನು ಹಿಡಿದಂತೆ ಹಿಡಿಯುವುದು ಬೀದಿಯಾಟದಿಂದ ಬಂದವರ ಸಾಮಾನ್ಯ ತಪ್ಪು. ಅದರಿಂದ ಮಣಿಕಟ್ಟು ತಿರುಗುವುದೇ ಇಲ್ಲ.

ಎರಡನೆಯದು ಕಾಲು, ಆಟದ ನಿಜವಾದ ತಳಪಾಯ. ಅಂಕಣದ ನಡುಭಾಗದಲ್ಲಿ ಮಂಡಿ ತುಸು ಬಾಗಿಸಿ ನಿಲ್ಲಬೇಕು. ಎದುರಿನವರು ಹೊಡೆಯುವ ಕ್ಷಣಕ್ಕೆ ಸಣ್ಣದಾಗಿ ಜಿಗಿದು ಪಾದ ಅಗಲಿಸಬೇಕು. ಅಲ್ಲಿಂದ ಆರು ಮೂಲೆಗಳಲ್ಲಿ ಒಂದಕ್ಕೆ ಸರಿದು, ಹೊಡೆದು, ಮತ್ತೆ ನಡುವಿಗೆ ಮರಳಬೇಕು. ಮರಳುವುದೇ ಹೆಚ್ಚಿನವರು ಮರೆಯುವ ಹೆಜ್ಜೆ. ರ‍್ಯಾಕೆಟ್ ಹಿಡಿದು ಶಟಲ್ ಇಲ್ಲದೆ ದಿನಕ್ಕೆ ಹತ್ತು ನಿಮಿಷ ಈ ಓಡಾಟವನ್ನು ಮನೆಯ ತಾರಸಿಯ ಮೇಲೂ ಮಾಡಬಹುದು.

ಹೊಡೆತಗಳಲ್ಲಿ ಟಾಸ್ ಮೊದಲು ಬರಬೇಕು: ತಲೆಯ ಮೇಲಿಂದ ಎತ್ತರಕ್ಕೆ ಹೊಡೆದು ಎದುರಿನ ಹಿಂಗೆರೆಯ ಬಳಿ ಬೀಳಿಸುವುದು. ಪಕ್ಕಕ್ಕೆ ತಿರುಗಿ ನಿಲ್ಲುವುದು, ಮೊಣಕೈ ಮೇಲಕ್ಕೆತ್ತುವುದು, ಶಟಲನ್ನು ತಲೆಗಿಂತ ತುಸು ಮುಂದೆ ಸಂಧಿಸುವುದು ಇದರಿಂದಲೇ ರೂಢಿಯಾಗುತ್ತದೆ. ಟಾಸ್ ಕೈಗೆ ಹತ್ತಿದ ಮೇಲೆ ಅದೇ ಬೀಸಿನ ಕೊನೆಯಲ್ಲಿ ವೇಗ ತಗ್ಗಿಸಿದರೆ ಡ್ರಾಪ್, ಕೆಳಮುಖವಾಗಿ ಬಡಿದರೆ ಸ್ಮ್ಯಾಶ್. ಮೂರೂ ಕೊನೆಯ ಕ್ಷಣದವರೆಗೆ ಒಂದೇ ಥರ ಕಾಣಬೇಕು. ಹಾಗೆ ಕಂಡಾಗಲೇ ಎದುರಿನವರ ಕಾಲು ತಪ್ಪುವುದು. ನೆಟ್‌ ಬಳಿಯ ಡ್ರಿಬಲ್, ಎದೆಮಟ್ಟದ ಡ್ರೈವ್, ಕೆಳಗಿನಿಂದ ಎತ್ತುವ ಲಿಫ್ಟ್ ಆಮೇಲೆ ಬರುತ್ತವೆ. ಡಬಲ್ಸ್ ಆಡುವ ದೊಡ್ಡವರು ಬ್ಯಾಕ್‌ಹ್ಯಾಂಡ್‌ನ ಕಿರು ಸರ್ವಿಸನ್ನು ಬೇಗ ಕಲಿತಷ್ಟೂ ಒಳ್ಳೆಯದು. ನೆಟ್‌ಗೆ ಸವರಿದಂತೆ ಹೋಗುವ ಒಂದು ಸರ್ವಿಸ್, ಹತ್ತು ಸ್ಮ್ಯಾಶ್‌ಗಿಂತ ಹೆಚ್ಚು ಅಂಕ ತರುತ್ತದೆ. ದಾಳಿ ಮಾಡುವಾಗ ಜೋಡಿ ಹಿಂದೆ–ಮುಂದೆ ನಿಲ್ಲಬೇಕು, ಶಟಲನ್ನು ಎತ್ತಿ ಕೊಟ್ಟಾಗ ಅಕ್ಕಪಕ್ಕಕ್ಕೆ ಸರಿಯಬೇಕು.

ಹಾಲ್ ಆರಿಸುವಾಗ

ವಿಜಯನಗರ, ಚಂದ್ರಾ ಲೇಔಟ್, ನಾಗರಬಾವಿ, ಕೆಂಗೇರಿ ಕಡೆಗಳಲ್ಲಿ ತಗಡಿನ ಚಾವಣಿಯ ಹಾಲ್‌ಗಳಲ್ಲಿ ಗಂಟೆಯ ಲೆಕ್ಕದಲ್ಲಿ ಅಂಕಣ ಸಿಗುತ್ತದೆ. ಹಣ ಕಟ್ಟುವ ಮೊದಲು ಕೆಲವನ್ನು ನೋಡಬೇಕು. ಸಿಮೆಂಟ್ ನೆಲದ ಮೇಲೆ ನೇರವಾಗಿ ಮ್ಯಾಟ್ ಹಾಸಿದ್ದಾರೋ ಅದರಡಿ ಮರದ ಹಲಗೆ ಇದೆಯೋ ಎಂಬುದು ಮೊದಲ ಪ್ರಶ್ನೆ. ಮರವಿಲ್ಲದ ನೆಲ ಮಂಡಿಯನ್ನು ಬೇಗ ಕೆಡಿಸುತ್ತದೆ, ನಲವತ್ತು ದಾಟಿದವರು ಅದನ್ನು ಒಪ್ಪಿಕೊಳ್ಳಲೇಬಾರದು. ದೀಪಗಳು ಅಂಕಣದ ನೆತ್ತಿಯ ಮೇಲಲ್ಲ, ಬದಿಗಳಲ್ಲಿರಬೇಕು. ಇಲ್ಲವಾದರೆ ಟಾಸ್ ಎತ್ತಲು ಮೇಲೆ ನೋಡಿದಾಗ ಕಣ್ಣು ಕೋರೈಸುತ್ತದೆ. ಚಾವಣಿಗೆ ಕನಿಷ್ಠ 25 ಅಡಿ ಎತ್ತರ ಬೇಕು. ಗೋಡೆ ಬಿಳಿಯಾಗಿದ್ದರೆ ಬಿಳಿ ಶಟಲ್ ಕಾಣುವುದಿಲ್ಲ, ಹಸಿರು ಇಲ್ಲವೆ ನೀಲಿ ಒಳ್ಳೆಯದು.

ಕೆಲಸಕ್ಕೆ ಹೋಗುವವರು ವಾರವಿಡೀ ಕುರ್ಚಿಯಲ್ಲಿ ಕೂತು ಭಾನುವಾರ ಬೆಳಿಗ್ಗೆ ನೇರವಾಗಿ ಆಟಕ್ಕಿಳಿದಾಗ ಹಿಮ್ಮಡಿಯ ಸ್ನಾಯುರಜ್ಜು, ಮೀನಖಂಡ, ಭುಜಗಳಿಗೆ ಪೆಟ್ಟಾಗುತ್ತದೆ. ಹತ್ತು ನಿಮಿಷ ಓಡಿ, ಕೈಕಾಲು ಸಡಿಲಿಸಿಕೊಂಡ ಮೇಲೆಯೇ ಆಡಬೇಕು. ಡಬಲ್ಸ್‌ನಲ್ಲಿ ಮುಂದೆ ನಿಂತವರು ಹಿಂದೆ ತಿರುಗಿ ನೋಡಬಾರದು. ಶಟಲ್ ಕಣ್ಣಿನ ಗುಣಿಯೊಳಗೆ ಹೊಕ್ಕು ಬಡಿಯುವಷ್ಟು ಚಿಕ್ಕದು, ದೃಷ್ಟಿಗೇ ಅಪಾಯ.

ಟೂರ್ನಿ ಆಡಿಸಬೇಕೆನ್ನುವ ಪೋಷಕರು ಮಗುವಿನ ಹೆಸರನ್ನು ಜನನ ಪ್ರಮಾಣಪತ್ರದೊಂದಿಗೆ ಕರ್ನಾಟಕ ಬ್ಯಾಡ್ಮಿಂಟನ್ ಸಂಸ್ಥೆಯ ಮೂಲಕ ನೋಂದಾಯಿಸಬೇಕು. 13, 15, 17, 19 ವರ್ಷದೊಳಗಿನವರಿಗೆ ಬೇರೆ ಬೇರೆ ವಿಭಾಗಗಳಿವೆ. ಅಂಗವೈಕಲ್ಯ ಉಳ್ಳವರಿಗೂ ಈ ಆಟದಲ್ಲಿ ಪೂರ್ಣ ಅಂತರರಾಷ್ಟ್ರೀಯ ಕ್ರಮವಿದೆ. ಗಾಲಿಕುರ್ಚಿಯ ಎರಡು ವರ್ಗ, ನಿಂತು ಆಡುವ ಮೂರು ವರ್ಗ, ಕುಳ್ಳ ದೇಹದವರಿಗೆ ಒಂದು ವರ್ಗ. ಪ್ಯಾರಾ ಬ್ಯಾಡ್ಮಿಂಟನ್ ಮೊದಲ ಬಾರಿಗೆ ಸೇರಿದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲೂ 2024ರ ಪ್ಯಾರಿಸ್‌ನಲ್ಲೂ ನಿಂತು ಆಡುವ ಎಸ್‌ಎಲ್–4 ವರ್ಗದ ಬೆಳ್ಳಿ ಗೆದ್ದವರು ಹಾಸನದಲ್ಲಿ ಹುಟ್ಟಿ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್.